ಎಸರು ನಿಂತ ಹೊತ್ತು

ಮಾತನಾಡಲಾರದ ರೋಗಿಯ ಹಾಸಿಗೆಯ ಪಕ್ಕದಲ್ಲಿ ನೀವು ಎಂದಾದರೂ ನಿಂತಿದ್ದೀರಾ? ನಿಂತಿದ್ದರೆ, ಅವರಿಗೆ ನಿಮ್ಮ ಮಾತು ಕೇಳಿಸುವುದಿಲ್ಲವೆಂದು ನೀವು ನಂಬಿದ್ದು ಯಾವ ಆಧಾರದ ಮೇಲೆ?

ಪ್ರಶ್ನೆ ಕಟುವಾಯಿತೆಂದು ತೋರಿದರೆ ಕ್ಷಮಿಸಿ. ಇದನ್ನು ಮೊದಲು ಎದುರಿಸಬೇಕಾದವಳು ನಾನೇ. ಜಯನಗರದ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ನಾನು ಅರಿವಳಿಕೆ ಕೊಡುವ ವೈದ್ಯೆ. ಶಸ್ತ್ರಚಿಕಿತ್ಸೆಗೆ ಬಂದವರನ್ನು ನಿದ್ದೆಗೆ ಕಳಿಸುವುದು, ಅವರ ಸ್ನಾಯುಗಳನ್ನು ಸಡಿಲಿಸುವುದು, ಅವರ ಪರವಾಗಿ ಉಸಿರಾಡುವುದು, ಕೊನೆಗೆ ಎಚ್ಚರಿಸಿ ಮನೆಯವರಿಗೆ ಒಪ್ಪಿಸುವುದು ನನ್ನ ವೃತ್ತಿ. ಮಿಸುಕಲಾರದವರ ತಲೆಯ ಬಳಿ ಕುಳಿತು ನಾನು ಏನೇನೋ ಮಾತನಾಡಿದ್ದೇನೆ: ಸೀಮೆಎಣ್ಣೆಯ ಕ್ಯೂ, ಸಿಗದ ಸಿನಿಮಾ ಟಿಕೆಟ್ಟು, ಒಮ್ಮೆ ಮಲಗಿದ್ದ ರೋಗಿಯ ದಪ್ಪದ ಬಗ್ಗೆಯೇ ಒಂದು ತಮಾಷೆ. ಅವರಲ್ಲಿ ಯಾರಿಗೆ ಏನು ಕೇಳಿಸಿತೋ ತಿಳಿಯದು. ಎಪ್ಪತ್ತರ ದಶಕದ ಕೊನೆಯಲ್ಲಿ, ಒಂದು ಮಳೆಗಾಲ ಮುಗಿಯುವ ಹೊತ್ತಿಗೆ, ಐದು ವಾರಗಳ ಕಾಲ ನಾನೇ ಹಾಗೆ ಮಲಗಿದ್ದೆ. ನನಗೆ ಎಲ್ಲವೂ ಕೇಳಿಸಿತು.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳ ಹುಡುಗಿ. ವಿಷಯದ ಪರವಾಗಿ ಮಾತನಾಡು ಎಂದರೆ ಪರವಾಗಿ, ವಿರುದ್ಧವಾಗಿ ಎಂದರೆ ವಿರುದ್ಧವಾಗಿ ಮಾತನಾಡಿ ಶೀಲ್ಡು ತರುತ್ತಿದ್ದೆ. ವೈದ್ಯೆಯಾದ ಮೇಲೆ ಅದೇ ನಾಲಗೆಯನ್ನು ಆಸ್ಪತ್ರೆಯ ಸುಧಾರಣೆಗೆ ಬಳಸಿದೆ. ನ್ಯಾಯವಾದ ಮಾತನ್ನು ಕ್ರಮವಾಗಿ ಜೋಡಿಸಿ ಹೇಳಿದರೆ ಜಗತ್ತು ಒಪ್ಪಲೇಬೇಕು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಆ ನಾಲಗೆಯೇ ನಿಂತುಹೋದಾಗ ಏನು ಉಳಿಯುತ್ತದೆ ಎಂದು ಯೋಚಿಸುವ ಅಗತ್ಯ ನನಗೆ ಬಿದ್ದಿರಲಿಲ್ಲ.

ಕಾಯಿಲೆ ನನ್ನ ಗಮನಕ್ಕೆ ಬಂದದ್ದು ಬೇರೆಯವರ ಬಾಯಿಂದ. ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಿಂದ ಆಸ್ಪತ್ರೆಗೆ ನಡೆದು ಹೋಗುತ್ತಿದ್ದೆ. ಹೂ ಮಾರುವಾಕೆ ಹಿಂದಿನಿಂದ ಕೂಗಿದಳು.

"ಮೇಡಂ! ಚಪ್ಲಿ ಬಿಟ್ಟೋಗ್ತಾ ಇದೀರಲ್ಲ! ಯಾವ ದೇವಸ್ಥಾನಕ್ಕೆ?"

ತಿರುಗಿ ನೋಡಿದೆ. ಎಡಗಾಲಿನ ಚಪ್ಪಲಿ ಹತ್ತು ಮಾರು ಹಿಂದೆ ಬಿದ್ದಿತ್ತು. ಅದು ಕಳಚಿದ್ದು, ಬರಿಗಾಲಿಗೆ ಜಲ್ಲಿ ಒತ್ತಿದ್ದು, ಯಾವುದೂ ನನಗೆ ತಿಳಿದಿರಲಿಲ್ಲ. ಆಕೆ ನಗುತ್ತಿದ್ದಳು, ನಾನೂ ನಕ್ಕೆ. ಎರಡು ದಿನಗಳಲ್ಲಿ ಮೆಟ್ಟಿಲು ಹತ್ತಲಾಗಲಿಲ್ಲ. ಮೂರನೆಯ ದಿನ ಸೀರೆಯ ನೆರಿಗೆ ಹಿಡಿಯಲು ಬೆರಳು ಒಪ್ಪಲಿಲ್ಲ.

ನಮ್ಮ ಆಸ್ಪತ್ರೆಯ ಹಿರಿಯ ವೈದ್ಯರು ಡಾ. ಶ್ರೀಕಂಠಯ್ಯ. ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ನಾನು ಅಂದು ಮೊದಲ ಬಾರಿಗೆ ಕುಳಿತೆ. ಆ ಬೆಂಚಿಗೆ ಒರಗಿಕೊಳ್ಳಲು ಹಲಗೆಯಿಲ್ಲವೆಂಬುದು, ಪ್ರತಿದಿನ ಅದರ ಮುಂದೆ ಓಡಾಡಿದ ನನಗೆ, ಹನ್ನೊಂದು ವರ್ಷ ಗೊತ್ತಿರಲಿಲ್ಲ. ಒಳಗೆ ಅವರು ಪುಟ್ಟ ರಬ್ಬರ್ ಸುತ್ತಿಗೆಯಿಂದ ನನ್ನ ಮಂಡಿಯ ಕೆಳಗೆ ತಟ್ಟಿದರು. ಕಾಲು ಜಿಗಿಯಲಿಲ್ಲ. ಇನ್ನೊಮ್ಮೆ ತಟ್ಟಿದರು.

"ಸುತ್ತಿಗೆ ಹಳೇದು ಸಾರ್," ಎಂದೆ.

ಅವರು ನಗಲಿಲ್ಲ. ಬ್ಯಾಂಕಿನಿಂದ ಓಡಿ ಬಂದಿದ್ದ ನಮ್ಮ ಯಜಮಾನರು ಶಿವಣ್ಣ, ಬಾಗಿಲ ಬಳಿ ನಿಂತೇ ಕೇಳಿದರು. "ಎಷ್ಟು ದಿನ ರಜಾ ಹಾಕ್ಬೇಕು ಡಾಕ್ಟ್ರೇ?"

"ನಿಮ್ದಾ, ಇವರ್ದಾ?"

"ಇಬ್ರುದೂ."

"ದಿನದ ಲೆಕ್ಕ ಬೇಡ ಶಿವಣ್ಣ, ತಿಂಗಳ ಲೆಕ್ಕ ಹಾಕಿ," ಎಂದರು.

ಇಬ್ಬರು ಫ್ರೆಂಚ್ ವೈದ್ಯರ ಹೆಸರು ಹೊತ್ತ ಆ ಕಾಯಿಲೆಯನ್ನು ನಾವು ವೈದ್ಯರು ಚಿಕ್ಕದಾಗಿ ಜಿ.ಬಿ. ಎನ್ನುತ್ತೇವೆ. ನರಗಳು ಸೋತು, ನಿಶ್ಶಕ್ತಿ ಕಾಲಿನಿಂದ ಮೇಲಕ್ಕೆ ಏರುತ್ತದೆ. ಬದುಕಿ ಉಳಿದವರಲ್ಲಿ ಬಹುಮಟ್ಟಿಗೆ ಏರಿದ ದಾರಿಯಲ್ಲೇ ಇಳಿಯುತ್ತದೆ. ಓದುಗರಿಗೆ ಇಷ್ಟು ಸಾಕು. ನನಗೆ ಇದಕ್ಕಿಂತ ಹೆಚ್ಚು ಗೊತ್ತಿತ್ತು, ಅದೇ ಕಷ್ಟ. ಸೊಂಟ, ಕೈ, ಎದೆ ಎಂದು ಅದು ಒಂದೊಂದೇ ಮೆಟ್ಟಿಲು ಹತ್ತುವುದನ್ನು ನಾನು ಒಳಗಿನಿಂದ ನೋಡುತ್ತಿದ್ದೆ. ಐದನೆಯ ದಿನ ಉಸಿರು ಅರ್ಧಕ್ಕೇ ನಿಲ್ಲತೊಡಗಿತು. ಕುತ್ತಿಗೆಯಲ್ಲಿ ರಂಧ್ರ ಮಾಡಿ ಕೊಳವೆ ಇಟ್ಟರು. ಧ್ವನಿ ಹೋಯಿತು. ಮುಖ ಕಲ್ಲಾಯಿತು. ಕಣ್ಣುಗುಡ್ಡೆ ಮತ್ತು ರೆಪ್ಪೆ ಮಾತ್ರ ನನ್ನ ಅಧೀನದಲ್ಲಿ ಉಳಿದವು.

ಉಸಿರಾಟದ ಯಂತ್ರಗಳು ಆಗ ಊರಿಗೆ ಬೆರಳೆಣಿಕೆಯಷ್ಟು. ಯಾವುದಕ್ಕೂ ಬಿಡುವಿರಲಿಲ್ಲ. ಆದ್ದರಿಂದ ಕುತ್ತಿಗೆಯ ಕೊಳವೆಗೆ ಒಂದು ರಬ್ಬರ್ ಚೀಲ ಜೋಡಿಸಿ ಕೈಯಿಂದ ಹಿಸುಕುವುದೆಂದು ತೀರ್ಮಾನವಾಯಿತು. ಹಿಸುಕಿದರೆ ಉಸಿರು ಒಳಗೆ, ಬಿಟ್ಟರೆ ಹೊರಗೆ. ಹಗಲೂ ಇರುಳೂ ಒಂದು ನಿಮಿಷವೂ ಬಿಡುವಂತಿಲ್ಲ. ಯಜಮಾನರು ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡೆರಡು ಗಂಟೆಯ ಪಾಳಿ ಬರೆದು ಗೋಡೆಗೆ ಅಂಟಿಸಿದರು. ನರ್ಸಿಂಗ್ ಓದುವ ಹುಡುಗಿಯರು, ಬ್ಯಾಂಕಿನ ಗೆಳೆಯರು, ನಮ್ಮ ಬೀದಿಯ ಗೃಹಿಣಿಯರು, ಎಲ್ಲರೂ ಬಂದರು. ನನ್ನ ಜೀವ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಿತ್ತು. ಕೆಲವರು ಭಯಕ್ಕೆ ಬೇಗ ಬೇಗ ಹಿಸುಕುತ್ತಿದ್ದರು. ಕೆಲವರು ಮಾತಿನ ಭರದಲ್ಲಿ ಮರೆತು ಒಂದು ಉಸಿರು ಬಾಕಿ ಉಳಿಸುತ್ತಿದ್ದರು. ಆ ಬಾಕಿ ಎಷ್ಟು ದೀರ್ಘ ಎಂಬುದನ್ನು ಹೇಳಲು ನನ್ನಲ್ಲಿ ಮಾತಿಲ್ಲ.

ಎಲ್ಲರಿಗಿಂತ ನೆಮ್ಮದಿಯ ಕೈ ನನ್ನ ಅತ್ತೆ ಗಿರಿಜಮ್ಮನವರದು. ತಿಪಟೂರಿನಿಂದ ಒಂದು ಬಟ್ಟೆಗಂಟಿನೊಡನೆ ಬಂದಿಳಿದ ಅವರಿಗೆ ಡಾಕ್ಟರು ಗಡಿಯಾರ ತೋರಿಸಿ ಎಣಿಕೆ ಕಲಿಸಲು ಹೋದರು.

"ಎಣಿಕೆ ತಪ್ಪೀನು ಕಣಪ್ಪ. ಪಂಚಾಕ್ಷರಿ ತಪ್ಪಲ್ಲ," ಎಂದರು ಅತ್ತೆ. 'ಓಂ ನಮಃ ಶಿವಾಯ' ಎಂದು ಒಮ್ಮೆ ಹೇಳುತ್ತಾ ಹಿಸುಕಿದರು, ಇನ್ನೊಮ್ಮೆ ಹೇಳುತ್ತಾ ಬಿಟ್ಟರು. ಡಾಕ್ಟರು ಪೂರ್ತಿ ಒಂದು ನಿಮಿಷ ಗಡಿಯಾರ ನೋಡಿದರು.

"ಇದೇ ಸರಿ ಅಮ್ಮ. ಇದನ್ನೇ ಹೇಳಿ."

ನನ್ನೊಡನೆ ಮಾತನಾಡಲು ಒಂದು ಏರ್ಪಾಡಾಯಿತು: ರೆಪ್ಪೆ ಒಮ್ಮೆ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಇಲ್ಲ. ಕರುಣೆಯಿಂದ ಮಾಡಿದ ಏರ್ಪಾಡು ಅದು. ಆದರೆ ಓದುಗರು ಒಂದು ಕ್ಷಣ ಯೋಚಿಸಿ. ಪ್ರಶ್ನೆ ಕೇಳುವ ಅಧಿಕಾರವೆಲ್ಲ ಎದುರಿನವರದು. ಉತ್ತರಿಸುವುದಷ್ಟೇ ನನ್ನ ಪಾಲು. ಯಾರೂ ಕೇಳದ ಪ್ರಶ್ನೆಗೆ ನನ್ನಲ್ಲಿ ಉತ್ತರವಿದ್ದರೆ ಅದು ನನ್ನೊಳಗೇ ಕೊಳೆಯಬೇಕು. "ನೋವಾ?" ಇಲ್ಲ. "ಚಳೀನಾ?" ಇಲ್ಲ. "ಬೆಡ್‌ಪ್ಯಾನ್ ಬೇಕಾ?" ಇಲ್ಲ. ಮೂಗಿನ ಮೇಲೆ ನೊಣ ಕುಳಿತಿದೆ ಎಂಬುದಕ್ಕೆ ಯಾರೂ ಪ್ರಶ್ನೆ ಹುಡುಕುತ್ತಿರಲಿಲ್ಲ. ಅದು ನಿಧಾನವಾಗಿ ಕೆನ್ನೆಗೆ ಇಳಿದು, ಕಣ್ಣಿನ ಅಂಚಿಗೆ ಬಂದು, ಅಲ್ಲಿ ಕೈ ಉಜ್ಜಿಕೊಳ್ಳುತ್ತಿತ್ತು.

ಒಂದು ದಿನ ಚಿಕ್ಕಲಸಂದ್ರದಿಂದ ಯಜಮಾನರ ಸೋದರತ್ತೆ ನೋಡಲು ಬಂದರು. ಚೀಲ ಹಿಸುಕುತ್ತಿದ್ದ ನಮ್ಮತ್ತೆಯ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತರು.

"ಪಾಪ, ಶಿವಣ್ಣನಿಗೆ ಏನು ಮಹಾ ವಯಸ್ಸು? ಮಕ್ಕಳೂ ಇಲ್ಲ. ನಮ್ಮ ಕಡೆ ಒಂದು ಹುಡುಗಿ ಇದೆ ಅತ್ತಿಗೆ, ಬಿ.ಎ. ಮಾಡಿದಾಳೆ. ಈಗಲೇ ಅಂತಲ್ಲ, ಮಾತಿಗೆ ಹೇಳ್ದೆ."

"ಓಂ ನಮಃ ಶಿವಾಯ. ಅವಳಿಗೆ ಕೇಳಿಸುತ್ತೆ ಕಣೇ. ಓಂ ನಮಃ ಶಿವಾಯ. ಬಾಯಿ ಮುಚ್ಚು. ಓಂ ನಮಃ ಶಿವಾಯ. ಆ ಹುಡುಗಿಗೆ ಚೀಲ ಹಿಸುಕೋಕೆ ಬರುತ್ತಾ ಕೇಳು, ನಾಳೆ ಪಾಳಿ ಖಾಲಿ ಇದೆ. ಓಂ ನಮಃ ಶಿವಾಯ."

ಒಂದು ಉಸಿರೂ ತಪ್ಪಲಿಲ್ಲ. ನಾನು ನಗುತ್ತಿದ್ದೆ. ಮುಖವಿಲ್ಲದೆ ನಗುವುದು ಹೇಗೆಂದು ಅಂದು ತಿಳಿಯಿತು.

ಮೂರನೆಯ ವಾರ ಬಲ ಶ್ವಾಸಕೋಶಕ್ಕೆ ಸೋಂಕು ತಗುಲಿತು. ಇನ್ನು ಬರಿಯ ಗಾಳಿ ಸಾಲದು, ಆಮ್ಲಜನಕ ಬೇಕೇ ಬೇಕು ಎಂದರು ಡಾಕ್ಟರು. ಹಾಸಿಗೆಯ ಪಕ್ಕಕ್ಕೆ ಆಳೆತ್ತರದ ಸಿಲಿಂಡರು ಬಂತು. ಅದರ ಕೊಳವೆ ನೀರಿನ ಬಾಟಲಿಯೊಂದರ ಮೂಲಕ ಹಾದು ನನ್ನ ಚೀಲ ಸೇರುತ್ತಿತ್ತು. ಆಮ್ಲಜನಕ ಹರಿಯುವಷ್ಟು ಹೊತ್ತೂ ಬಾಟಲಿಯಲ್ಲಿ ಗುಳುಗುಳು ಗುಳ್ಳೆ. ಅತ್ತೆ ಅದನ್ನು ಬಗ್ಗಿ ನೋಡಿ, "ಮುದ್ದೆಗೆ ಎಸರಿಟ್ಟ ಹಾಗಿದೆಯಲ್ಲವ್ವ," ಎಂದರು.

ಇಲ್ಲಿ ನನ್ನ ಒಂದು ಸುಧಾರಣೆಯ ವಿಷಯ ಹೇಳಬೇಕು. ಮುಂಚೆ ನಮ್ಮ ಆಸ್ಪತ್ರೆಯಲ್ಲಿ ಯಾವ ಸಿಲಿಂಡರು ತುಂಬಿದೆ, ಯಾವುದು ಬರಿದಾಗಿದೆ ಎಂದು ತಿಳಿಯಲು ಪ್ರತಿಸಲವೂ ಕೀಲಿಯಿಂದ ತೆರೆದು ನೋಡಬೇಕಿತ್ತು. ಹೊತ್ತು ಹಿಡಿಯುತ್ತಿತ್ತು, ಗಾಳಿ ಸೋರುತ್ತಿತ್ತು, ಜಗಳವಾಗುತ್ತಿತ್ತು. ನಾನು ಎರಡು ಪುಟದ ಟಿಪ್ಪಣಿ ಬರೆದು ಸಭೆಯಲ್ಲಿ ಮಂಡಿಸಿದೆ: ತುಂಬಿ ಬಂದ ಸಿಲಿಂಡರಿನ ಕಪ್ಪು ಮೈಮೇಲೆ ಸೀಮೆಸುಣ್ಣದಲ್ಲಿ 'ತುಂ' ಎಂದೂ ಬರಿದಾದದ್ದರ ಮೇಲೆ 'ಖಾ' ಎಂದೂ ಬರೆಯುವುದು; ಇನ್ನು ಪ್ರತಿಸಲ ತೆರೆದು ನೋಡುವ ಅಗತ್ಯವಿಲ್ಲ. ಎಲ್ಲರೂ ಒಪ್ಪಿದರು. ಸಿಲಿಂಡರು ನೋಡಿಕೊಳ್ಳುತ್ತಿದ್ದ ವಾರ್ಡಿನ ನೌಕರ, ಸಾರಕ್ಕಿಯ ಮುನಿಯಪ್ಪ ಮಾತ್ರ ಬಾಗಿಲ ಬಳಿಯಿಂದ ಕೇಳಿದ್ದರು.

"ಮೇಡಂ, ಸೀಮೆಸುಣ್ಣ ಅಳಿಸೋಗುತ್ತಲ್ಲ?"

"ಅಳಿಸದ ಹಾಗೆ ನೋಡಿಕೊಳ್ಳೋದೇ ನಿಮ್ಮ ಕೆಲಸ ಮುನಿಯಪ್ಪ," ಎಂದೆ. ಸಭೆ ನಕ್ಕಿತು. ಚರ್ಚೆಯಲ್ಲಿ ಗೆಲ್ಲುವ ಉತ್ತರ ಅದು. ಎರಡು ವರ್ಷ ಯಾವ ತೊಂದರೆಯೂ ಆಗಿರಲಿಲ್ಲ.

ಆಯುಧಪೂಜೆ ಬಂತು. ಹಿಂದಿನ ದಿನ ಹೊರಗಿನ ಮೊಗಸಾಲೆಯಲ್ಲಿ ನಡೆದ ಮಾತು ನನ್ನ ಕಿವಿಗೆ ಬಿತ್ತು. ಆಡಳಿತಾಧಿಕಾರಿ ರಾಮರಾಯರ ಧ್ವನಿ: "ನಿಮ್ಮಲ್ಲಿ ಪೂಜೆ ಗೀಜೆ ಇಲ್ವಲ್ಲಪ್ಪ ಮುನಿಯಪ್ಪ. ಎರಡು ದಿನ ಮನೇಲಿದ್ದುಬಿಡು."

ಮುನಿಯಪ್ಪನವರ ಕುಟುಂಬ ಬೌದ್ಧ ದೀಕ್ಷೆ ಪಡೆದಿತ್ತು. ಅದು ಎಲ್ಲರಿಗೂ ಗೊತ್ತು. "ಸಿಲಿಂಡ್ರು ಯಾರು ನೋಡ್ಕೊಳ್ತಾರೆ ಸಾರ್?"

"ಬರೆದಿದೆಯಲ್ಲಯ್ಯ, ಸೀಮೆಸುಣ್ಣದಲ್ಲಿ. ಕಣ್ಣಿದ್ದೋರು ನೋಡ್ಕೊಳ್ತಾರೆ."

ಪೂಜೆಯ ದಿನ ಅವರ ಕೈ ವಸ್ತುಗಳಿಗೆ ತಾಗದಿರಲಿ ಎಂಬ ಎಣಿಕೆ ಆ ಔದಾರ್ಯದ ಒಳಗಿತ್ತು. ಆರೋಗ್ಯವಾಗಿದ್ದಿದ್ದರೆ ಎದ್ದು ಹೋಗಿ ವಾದಿಸುತ್ತಿದ್ದೆ. ಮಲಗಿದ್ದೆ.

ಹಬ್ಬದ ಬೆಳಿಗ್ಗೆ ಆಸ್ಪತ್ರೆ ಘಮಘಮಿಸಿತು. ತುರ್ತು ಕೆಲಸಗಳನ್ನು ಬಿಟ್ಟು ಮಿಕ್ಕದ್ದಕ್ಕೆಲ್ಲ ರಜೆ. ವಾರ್ಡಿನವರು ಶ್ರದ್ಧೆಯಿಂದ ಪ್ರತಿಯೊಂದು ವಸ್ತುವನ್ನೂ ತೊಳೆದರು: ಸ್ಟ್ರೆಚರು, ಆಂಬುಲೆನ್ಸು, ಆಪರೇಷನ್ ಮೇಜು. ಸಿಲಿಂಡರುಗಳನ್ನೂ ತೊಳೆದು ಒರೆಸಿ, ಚೆಂದ ಕಾಣಲೆಂದು ಎಲ್ಲವನ್ನೂ ಗೋಡೆಯುದ್ದಕ್ಕೆ ಒಂದೇ ಸಾಲಿನಲ್ಲಿ ನಿಲ್ಲಿಸಿ, ಪ್ರತಿಯೊಂದಕ್ಕೂ ಮೂರು ಗೆರೆ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟರು. ತೆರೆದ ಬಾಗಿಲಲ್ಲಿ ಅವುಗಳಲ್ಲಿ ನಾಲ್ಕು ನನಗೆ ಕಾಣುತ್ತಿದ್ದವು. ನಾಲ್ಕೂ ಒಂದೇ ತಾಯಿಯ ಮಕ್ಕಳಂತಿದ್ದವು. ಯಾವ ಮೈಮೇಲೂ ಅಕ್ಷರವಿರಲಿಲ್ಲ.

ನನ್ನ ಹಾಸಿಗೆಯ ಬಳಿ ಬೆಳಿಗ್ಗೆ ಜೋಡಿಸಿದ್ದು ಆ ಸಾಲಿನಿಂದಲೇ ತಂದದ್ದು. ಒಬ್ಬರು ಪ್ರೀತಿಯಿಂದ ಅದಕ್ಕೊಂದು ಚೆಂಡುಹೂವಿನ ಹಾರ ಹಾಕಿದರು. ಹಾರ ನೇರವಾಗಿ ಮೀಟರಿನ ಮುಖದ ಮೇಲೆ ಕುಳಿತಿತು. "ಮೇಡಂದೂ ಪೂಜೆ ಆಯ್ತು," ಎಂದು ನನ್ನ ಹಣೆಗೂ ಕುಂಕುಮ ಇಟ್ಟು ಹೋದರು.

ಹನ್ನೊಂದು ಗಂಟೆಯ ಸುಮಾರಿಗೆ ಆಪರೇಷನ್ ಕೋಣೆಯಲ್ಲಿ ಪೂಜೆ ಆರಂಭವಾಯಿತು. ವಾರ್ಡು ಬರಿದಾಯಿತು. ಯಜಮಾನರು ಔಷಧ ತರಲು ಹೋಗಿದ್ದರು. ಚೀಲ ಅತ್ತೆಯ ಕೈಯಲ್ಲಿತ್ತು. ಸಿಸ್ಟರ್ ಸ್ಟೆಲ್ಲಾ, ನನ್ನನ್ನು ನೋಡಿಕೊಳ್ಳುತ್ತಿದ್ದ ದಾದಿ, ಮಹಡಿಯ ಆ ತುದಿಯಲ್ಲಿ ಬೇರೊಬ್ಬ ರೋಗಿಯ ಬಳಿಯಿದ್ದರು.

ಆಗ ಬಾಟಲಿಯ ಗುಳುಗುಳು ನಿಂತಿತು.

ನಿಂತ ಕ್ಷಣವೇ ನನಗೆ ತಿಳಿಯಿತು. ಆ ಸದ್ದಿಗೆ ಕಿವಿ ಕೊಟ್ಟು ಬದುಕುತ್ತಿದ್ದವಳು ನಾನು. ಆದರೆ ಹೊರಗಿನಿಂದ ನೋಡಿದವರಿಗೆ ಯಾವುದೂ ಬದಲಾಗಿರಲಿಲ್ಲ. ಚೀಲ ತಾನಾಗಿ ಕೋಣೆಯ ಗಾಳಿಯಿಂದ ತುಂಬಿಕೊಳ್ಳುತ್ತದೆ. ಅತ್ತೆ ಹಿಸುಕುತ್ತಿದ್ದರು, ನನ್ನ ಎದೆ ಏರಿ ಇಳಿಯುತ್ತಿತ್ತು. ಸೋಂಕು ತಿಂದ ಶ್ವಾಸಕೋಶಕ್ಕೆ ಆ ಗಾಳಿ ಎಷ್ಟು ನಿಮಿಷ ಸಾಕಾದೀತು ಎಂಬ ಲೆಕ್ಕ ಆ ಕೋಣೆಯಲ್ಲಿ ಒಬ್ಬರಿಗೆ ಮಾತ್ರ ಬರುತ್ತಿತ್ತು, ಆಕೆಗೆ ಬಾಯಿರಲಿಲ್ಲ.

ರೆಪ್ಪೆಯನ್ನು ಪಟಪಟನೆ ಬಡಿದೆ. ಅತ್ತೆ ನೋಡಿದರು.

"ಏನವ್ವ ವಿಮಲ? ಸೆಕೇನಾ?"

ಇಲ್ಲ.

"ಕುಂಕುಮ ಕಣ್ಣಿಗೆ ಬಿತ್ತಾ?"

ಇಲ್ಲ.

"ಮಂಗಳಾರತಿ ತಗೋಬೇಕಾ? ತರ್ತಾರೆ ಇರು, ಇಲ್ಲಿಗೇ ತರ್ತಾರೆ."

ಇಲ್ಲ. ಇಲ್ಲ. ತಲೆಯೊಳಗೆ ಮಂಜು ಇಳಿಯತೊಡಗಿತ್ತು. ಮೇಲಿನ ಫ್ಯಾನಿನ ಅಂಚು ಕರಗುತ್ತಿತ್ತು. ನಾಲಗೆಯಿದ್ದ ಕಾಲದಲ್ಲಿ ಎಷ್ಟು ವಾಕ್ಯಗಳನ್ನು ದುಂದು ಮಾಡಿದ್ದೆ! ಈಗ ಒಂದು ಪದ ಸಾಕಾಗಿತ್ತು. ಅತ್ತೆಯ ಪ್ರಶ್ನೆಗಳ ಗಂಟಿನಲ್ಲಿ ಆ ಪದವಿರಲಿಲ್ಲ, ಇರಲು ಕಾರಣವೂ ಇರಲಿಲ್ಲ. ನಾನು ಉತ್ತರಿಸುವುದನ್ನೇ ನಿಲ್ಲಿಸಿದೆ. ಕಣ್ಣನ್ನು ಪೂರ್ತಿ ಎಡಕ್ಕೆ ತಿರುಗಿಸಿ ಬಾಟಲಿಯ ಮೇಲೆ ನೆಟ್ಟೆ. ರೆಪ್ಪೆ ಮುಚ್ಚಲಿಲ್ಲ. ಕಣ್ಣು ಉರಿದು ನೀರು ಇಳಿಯಿತು.

"ಅಲ್ಲೇನು? ನೀರಾ? ನೀರು ಬೇಕಾ?"

ಸತ್ಯಕ್ಕೆ ಹತ್ತಿರದ ಪ್ರಶ್ನೆ ಅದೊಂದೇ. ಹೌದು.

"ಬಾಯಿಗೆ ನೀರು ಹಾಕಬಾರದು ಅಂದಿದಾರಲ್ಲವ್ವ ಡಾಕ್ಟ್ರು."

ಹೌದು. ಮತ್ತೆ ಬಾಟಲಿ. ಅತ್ತೆ ಕೈ ನಿಲ್ಲಿಸದೆ ಕುತ್ತಿಗೆ ತಿರುಗಿಸಿ ನೋಡಿದರು. ಪಂಚಾಕ್ಷರಿ ಅರ್ಧಕ್ಕೆ ನಿಂತಿತು.

"ಅಯ್ಯೋ! ಎಸರು ನಿಂತೋಗಿದೆ!"

ಐವತ್ತು ವರ್ಷ ಒಲೆಯ ಮುಂದೆ ಕುಳಿತವರಿಗೆ ಕುದಿಯುವ ನೀರು ಸುಮ್ಮನೆ ನಿಲ್ಲುವುದಿಲ್ಲವೆಂದು ಗೊತ್ತು. ಕೆಳಗೆ ಬೆಂಕಿ ಆರಿರಬೇಕು. ಅವರಿಗೆ ಆಮ್ಲಜನಕ ಗೊತ್ತಿರಲಿಲ್ಲ, ಬೆಂಕಿ ಗೊತ್ತಿತ್ತು.

"ಯಾರಾದ್ರೂ ಬನ್ರಪ್ಪೋ! ಸಿಸ್ಟ್ರೇ! ಓಂ ನಮಃ ಶಿವಾಯ! ಬನ್ರೋ!"

ಆಚೆ ಘಂಟೆ, ಜಾಗಟೆ, ಶಂಖ. ಚೀಲ ಬಿಟ್ಟು ಓಡುವಂತಿಲ್ಲ. ಅತ್ತೆಯೂ ನನ್ನಂತೆಯೇ ಆ ಮಂಚಕ್ಕೆ ಕಟ್ಟಿಬಿದ್ದಿದ್ದರು. ಅವರು ಸುತ್ತ ನೋಡಿದರು. ಮಂಚದ ಕೆಳಗೆ ಎನಾಮೆಲ್ ಬೆಡ್‌ಪ್ಯಾನ್ ಇತ್ತು. ಕಾಲು ಚಾಚಿ, ಅರವತ್ತರ ವಯಸ್ಸಿನ ಆ ಹೆಂಗಸು, ಅದನ್ನು ಬಾಗಿಲಾಚೆಗೆ ಒದ್ದರು. ಅದು ಮೊಗಸಾಲೆಯ ಕಲ್ಲುನೆಲದ ಮೇಲೆ ಢಣಢಣನೆ ಉರುಳಿತು.

ಸಿಸ್ಟರ್ ಸ್ಟೆಲ್ಲಾ ಓಡಿ ಬಂದರು. "ಏನಜ್ಜಿ ಇದು! ಹುಚ್ಚಾ ನಿಮಗೆ?"

"ಎಸರು ನೋಡಮ್ಮ, ಎಸರು!"

ಸಿಸ್ಟರ್ ಬಾಟಲಿ ನೋಡಿದರು, ನನ್ನ ತುಟಿ ನೋಡಿದರು. ತುಟಿ ನೀಲಿಯಾಗಿತ್ತಂತೆ. ಹಾರ ಕಿತ್ತೆಸೆದರು, ಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಸಾಲಿನಿಂದ ಒಂದು ಸಿಲಿಂಡರನ್ನು ವಾಲಿಸಿ ಉರುಳಿಸುತ್ತಾ ತಂದರು. ತೆರೆಯಲು ಕೀಲಿ ಬೇಕು. ಕೊಕ್ಕೆಯಲ್ಲಿ ಕೀಲಿಯಿರಲಿಲ್ಲ. ಅದೂ ಆಯುಧವಲ್ಲವೇ? ಕತ್ತರಿ ಚಿಮಟಗಳ ಜೊತೆಗೆ ದೇವರ ಮುಂದೆ ಪೂಜೆಗೆ ಕುಳಿತಿತ್ತು.

ಮುಂದಿನದ್ದು ನಾನು ಕೇಳಿ ತಿಳಿದದ್ದು. ಸಿಸ್ಟರ್ ಆಪರೇಷನ್ ಕೋಣೆಗೆ ನುಗ್ಗಿ ಹೂವಿನ ನಡುವೆ ಕೈ ಹಾಕಿದರು.

"ಅಯ್ಯಯ್ಯೋ, ಪೂಜೆಗಿಟ್ಟ ಆಯುಧ! ಇವತ್ತು ಎತ್ತೋ ಹಾಗಿಲ್ಲಮ್ಮ!" ಎಂದರು ಪುರೋಹಿತರು.

"ಶಾಪ ನನಗೆ ಹಾಕಿ ಸ್ವಾಮಿ!" ಎಂದು ಕೂಗಿ ಸಿಸ್ಟರ್ ಕೀಲಿಯೊಡನೆ ಹಿಂದಕ್ಕೆ ಓಡಿದರು.

ಮೊದಲನೆಯದು ಬರಿದು. ಎರಡನೆಯದು ಬರಿದು. ಮೂರನೆಯದನ್ನು ತೆರೆದಾಗ ಬುಸ್ಸೆಂದಿತಂತೆ. ನಾನು ಆ ಹೊತ್ತಿಗೆ ಅಲ್ಲಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ, ಬಹಳ ದೂರದಿಂದ, ಗುಳುಗುಳು ಎಂಬ ಸದ್ದು ಹತ್ತಿರ ಬಂತು. ಅದರ ಮೇಲೆ ಅತ್ತೆಯ ಧ್ವನಿ, ತಾಳ ತಪ್ಪದೆ.

ಎರಡು ದಿನಗಳ ನಂತರ ಡಾ. ಶ್ರೀಕಂಠಯ್ಯನವರೂ ರಾಮರಾಯರೂ ನನ್ನ ಮಂಚದ ಬಳಿ ನಿಂತರು. ಮುನಿಯಪ್ಪನವರನ್ನು ಬಾಗಿಲ ಬಳಿ ನಿಲ್ಲಿಸಿದ್ದರು.

"ಇವನನ್ನ ಸಸ್ಪೆಂಡ್ ಮಾಡ್ತಾ ಇದೀವಿ ಡಾಕ್ಟ್ರಮ್ಮ," ಎಂದರು ರಾಮರಾಯರು. "ರಜಾ ಹೋಗೋ ಮುಂಚೆ ಇನ್ನೊಬ್ಬರಿಗೆ ತೋರಿಸಿ ಹೋಗ್ಬೇಕಿತ್ತು."

ರೆಪ್ಪೆ ಎರಡು ಸಲ ಮುಚ್ಚಿದೆ. ಮತ್ತೆ ಎರಡು ಸಲ.

"ಕಣ್ಣಿಗೇನೋ ಬಿದ್ದಿದೆ, ನೋಡಿ."

"ಕಣ್ಣಿಗೇನೂ ಬಿದ್ದಿಲ್ಲ," ಎಂದರು ಅತ್ತೆ. "ಬೇಡ ಅಂತಾ ಇದಾಳೆ."

ಡಾಕ್ಟರು ಬಗ್ಗಿದರು. "ಮುನಿಯಪ್ಪಂದು ತಪ್ಪು ಅಂತೀರಾ?" ಇಲ್ಲ. "ತೊಳೆದವರ್ದಾ?" ಇಲ್ಲ. "ಸ್ಟೆಲ್ಲಾದಾ?" ಇಲ್ಲ. ರಾಮರಾಯರು ಕೆಮ್ಮಿದರು. "ನಂದು ಅಂತೀರೇನು?" ನಾನು ತಡೆದೆ. ಅವರ ಪಾಲು ಇತ್ತು. ಆದರೆ ಅರ್ಧ ಹೌದು ಎನ್ನಲು ನಮ್ಮ ಏರ್ಪಾಡಿನಲ್ಲಿ ಸ್ಥಳವಿರಲಿಲ್ಲ. ಇಲ್ಲ ಎಂದೆ. ಪಟ್ಟಿ ಮುಗಿಯಿತು. ಇಬ್ಬರು ವಿದ್ಯಾವಂತರು ನನ್ನ ಮುಖ ನೋಡುತ್ತಾ ನಿಂತರು. ಉಳಿದಿದ್ದ ಒಂದು ಹೆಸರು ಅವರಿಗೆ ಹೊಳೆಯಲಿಲ್ಲ, ಅಥವಾ ಹೊಳೆದರೂ ಕೇಳುವ ಧೈರ್ಯ ಬರಲಿಲ್ಲ. ಅವರು ಹೊರಟರೆ ಮುನಿಯಪ್ಪನವರ ಕೆಲಸ ಹೋಗುತ್ತದೆ.

ಅತ್ತೆ ಚೀಲ ಹಿಸುಕುತ್ತಲೇ ನನ್ನ ಕಡೆ ಬಾಗಿದರು. "ನಿಂದೇನವ್ವ?"

ರೆಪ್ಪೆ ಒಮ್ಮೆ ಮುಚ್ಚಿದೆ. ಬೇಗ ತೆರೆಯಲಿಲ್ಲ.

ತೆರೆದಾಗ ಮುನಿಯಪ್ಪ ಮಂಚದ ಕಾಲ್ದೆಸೆಗೆ ಬಂದಿದ್ದರು. "ನಾನು ಅವತ್ತೇ ಕೇಳಿದ್ದೆ ಮೇಡಂ," ಎಂದರು. ಆಕ್ಷೇಪಣೆಯ ಧ್ವನಿಯಿರಲಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದರು. ಆಮೇಲೆ ಸಿಲಿಂಡರಿನ ಬಳಿ ಹೋಗಿ ಮೀಟರು ಓದಿ, ಅಂಕಿಯನ್ನು ನನಗೆ ಕೇಳುವಂತೆ ಗಟ್ಟಿಯಾಗಿ ಹೇಳಿ, ಹೊರಟುಹೋದರು. ಅಂದಿನಿಂದ ಪ್ರತಿ ಗಂಟೆಗೂ ಬಂದು ಹಾಗೆಯೇ ಹೇಳಿದರು. ಯಾರೂ ಅವರಿಗೆ ಹಾಗೆ ಮಾಡಲು ಹೇಳಿರಲಿಲ್ಲ. ಆ ವಾರ ನಾನು ಮೊದಲ ಬಾರಿಗೆ ಭಯವಿಲ್ಲದೆ ನಿದ್ದೆ ಮಾಡಿದೆ. ಸಸ್ಪೆಂಡ್ ಮಾತು ಮತ್ತೆ ಬರಲಿಲ್ಲ.

ಆರನೆಯ ವಾರ ಬಲಗೈ ಹೆಬ್ಬೆರಳು ಅಲುಗಿತು. ಕೊಳವೆ ತೆಗೆದು ರಂಧ್ರ ಕೂಡಿದ ದಿನ ಕೋಣೆಯ ತುಂಬ ಜನ, ನಾನು ಏನು ಹೇಳುತ್ತೇನೋ ಎಂದು ಕಾದರು.

"ಸೆಕೆ," ಎಂದೆ.

"ಇಷ್ಟಕ್ಕಾ ಇಷ್ಟು ದಿನ ಕಾಯಿಸಿದ್ದು?" ಎಂದರು ಅತ್ತೆ, ಸೆರಗಿನಿಂದ ಕಣ್ಣೊರೆಸುತ್ತಾ.

ನಾನು ಕೆಲಸಕ್ಕೆ ಮರಳಲು ಒಂದು ವರ್ಷ ಹಿಡಿಯಿತು. ಎಡಪಾದ ಇಂದಿಗೂ ಪೂರ್ತಿ ಏಳುವುದಿಲ್ಲ. ಪಟ್ಟಿ ಕಟ್ಟಿಕೊಂಡು ನಡೆಯುತ್ತೇನೆ. ಹಬ್ಬದ ಜಾಗಟೆ ಕೇಳಿದರೆ ಈಗಲೂ ಕಾಲು ನಿಂತಲ್ಲೇ ನಿಲ್ಲುತ್ತದೆ, ಆ ಮಂಚ ಮತ್ತೆ ನನ್ನನ್ನು ಹಿಡಿದುಕೊಳ್ಳುತ್ತದೆ. ಸೀಮೆಸುಣ್ಣದ ಪದ್ಧತಿಯನ್ನು ನಾನೇ ರದ್ದು ಮಾಡಿಸಿದೆ. ಅದರ ಬದಲು, ರೋಗಿ ಎಚ್ಚರವಾಗಿರುವಾಗಲೇ, ಅವರೆದುರಿಗೇ, ಒಬ್ಬರು ಕೇಳುವುದು ಇನ್ನೊಬ್ಬರು ತೆರೆದು ನೋಡಿ ಗಟ್ಟಿಯಾಗಿ ಹೇಳುವುದು: ಸಿಲಿಂಡರು, ಬದಲಿ ಸಿಲಿಂಡರು, ಕೀಲಿ, ಚೀಲ. ಈ ಪದ್ಧತಿಯನ್ನು ನಾನು ಕಲಿತದ್ದು ಮುನಿಯಪ್ಪನವರಿಂದ. ನಮ್ಮ ಶಸ್ತ್ರವೈದ್ಯರೊಬ್ಬರು ಮೊದಲ ವಾರ, "ಏನ್ ಮೇಡಂ, ದಿನಾ ಮಗ್ಗಿ ಒಪ್ಪಿಸ್ಬೇಕಾ?" ಎಂದು ನಕ್ಕರು. "ಒಪ್ಪಿಸಿ ಸಾರ್, ಎರಡು ನಿಮಿಷ," ಎಂದೆ. ನನ್ನ ಬಳಿ ಆಗ ಇದಕ್ಕಿಂತ ಚುರುಕಾದ ಉತ್ತರವಿತ್ತು. ಹೇಳಲಿಲ್ಲ.

ಕೆಲವು ವರ್ಷಗಳ ಮೇಲೆ ಹೊರದೇಶದಲ್ಲಿ ನಡೆದ ಅರಿವಳಿಕೆ ವೈದ್ಯರ ಸಭೆಯೊಂದರಲ್ಲಿ ಈ ಕಥೆ ಹೇಳಿದೆ. ಭಾಷಣದ ನಂತರ ಪೂರ್ವ ಆಫ್ರಿಕದ ವೈದ್ಯರೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ಅವರ ಆಸ್ಪತ್ರೆಗೆ ಮಂತ್ರಿ ಬರುತ್ತಾರೆಂದು ಎಲ್ಲ ಸಿಲಿಂಡರುಗಳಿಗೂ ಒಂದೇ ಬಣ್ಣ ಬಳಿದಿದ್ದರಂತೆ. ಯಾವುದರಲ್ಲಿ ಯಾವ ಅನಿಲವಿದೆ ಎಂದು ತಿಳಿಯುವುದು ಆ ಬಣ್ಣದಿಂದಲೇ. ಮರುದಿನ ಹೆರಿಗೆಗೆ ಬಂದ ಹೆಣ್ಣುಮಗಳೊಬ್ಬಳು ಮೇಜಿನ ಮೇಲೆಯೇ ತೀರಿಕೊಂಡಳಂತೆ. ನನಗೆ ಅತ್ತೆಯಿದ್ದರು, ಆಕೆಯ ಮನೆಯವರನ್ನು ಬಾಗಿಲ ಹೊರಗೆ ಕೂರಿಸಿದ್ದರು. ಅಂದಿನಿಂದ ನಾವಿಬ್ಬರೂ ಪತ್ರ ಬರೆದುಕೊಳ್ಳುತ್ತೇವೆ. ಬೇರೆ ಬೇರೆ ದೇಶಗಳಿಂದ ಇಂಥವೇ ಪತ್ರಗಳು ಬರುತ್ತವೆ. ಎಲ್ಲೆಡೆಯೂ ಒಳ್ಳೆಯ ಜನ, ಎಲ್ಲೆಡೆಯೂ ಹಬ್ಬದ ಸಂಭ್ರಮ, ಎಲ್ಲೆಡೆಯೂ ಯಾರೂ ತೆರೆದು ನೋಡದ ಒಂದು ಮುಚ್ಚಳ.

ಪ್ರತಿವಾದಿಗಳು ಹೇಳಬಹುದು: ರೋಗಿಯ ಕಡೆಯವರಿಗೆ ಇದೆಲ್ಲ ಏನು ತಿಳಿಯುತ್ತದೆ, ಕೇಳಿದರೆ ವೈದ್ಯರಿಗೆ ಅವಮಾನವಾಗುವುದಿಲ್ಲವೇ ಎಂದು. ಅವಮಾನವಾಗುತ್ತದೆ, ಒಪ್ಪುತ್ತೇನೆ. ನನಗೂ ಆಗಿದೆ. ಅದರಿಂದ ಯಾರೂ ಸತ್ತಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ನಿಮ್ಮ ಮನೆಯವರನ್ನು ಆಪರೇಷನ್‌ಗೆ ಒಳಗೆ ಕರೆದೊಯ್ಯುವ ಮುನ್ನ ಅರಿವಳಿಕೆ ಕೊಡುವ ವೈದ್ಯರನ್ನು ಹೊರಗೆ ಕರೆಸಿ. ಅವರ ಹೆಸರು ಕೇಳಿ. "ಆಮ್ಲಜನಕದ ಸಿಲಿಂಡರನ್ನು ಇವತ್ತು ನೀವೇ ತೆರೆದು ನೋಡಿದಿರಾ? ಬದಲಿಗೆ ಇನ್ನೊಂದು ಇದೆಯಾ?" ಎಂದು ಕೇಳಿ. ಅವರು ಸಿಟ್ಟಾದರೆ ಆಗಲಿ. ಉತ್ತರ ಬರುವ ತನಕ ಸ್ಟ್ರೆಚರಿನ ಕಂಬಿಯಿಂದ ಕೈ ತೆಗೆಯಬೇಡಿ.